ಸೊನ್ನೆಗಿಂತ ಕೆಳಗಿಳಿದ ಮುಳ್ಳು

ಅಮ್ಮತ್ತಿ
18 ಡಿಸೆಂಬರ್ 1968

ಪ್ರೀತಿಯ ಹೊನ್ನಮ್ಮತ್ತಿಗೆಗೆ ಯಮುನಳ ನಮಸ್ಕಾರಗಳು.

ಮೂರು ತಿಂಗಳಿಂದ ಒಂದು ಕಾಗದವನ್ನೂ ಹಾಕಲಿಲ್ಲ. ಬೈದುಕೊಂಡಿರುತ್ತೀರಿ. ಬೈಯಿರಿ, ಆದರೆ ಮೊದಲು ಈ ಸುದ್ದಿ ಕೇಳಿ. ನನ್ನ ವಾರ್ಡಿನ ರೋಗಿ ನಾಗರಾಜು ಇವತ್ತು ತಾನೇ ಎದ್ದು ಕೂತು ಗಂಜಿ ಕುಡಿದ, ಅತ್ತಿಗೆ!

ಅವನು ಕುಶಾಲನಗರದ ಕಡೆಯಿಂದ ಕಾಫಿ ಪಿಕಿಂಗಿಗೆ ಬಂದವನು. ಗಿಡದ ಬುಡದಲ್ಲಿ ನಾಗರಹಾವು ಕಚ್ಚಿತ್ತು. ಆಸ್ಪತ್ರೆಗೆ ತರುವಷ್ಟರಲ್ಲಿ ರೆಪ್ಪೆ ಜೋತು, ಉಸಿರು ನಿಲ್ಲುವ ಹಾಗಿತ್ತು. ಪದ್ಮಯ್ಯ ಡಾಕ್ಟರು ವಿಷಕ್ಕೆ ಮದ್ದು ಚುಚ್ಚಿ, ಗಂಟಲಿಗೆ ಕೊಳವೆ ಇಟ್ಟು, ನಮ್ಮಲ್ಲಿರುವ ಒಂದೇ ಉಸಿರಾಟದ ಮಷೀನಿಗೆ ಜೋಡಿಸಿದರು.

ಮೂರನೆಯ ದಿನ ಬೆಳಿಗ್ಗೆ ಅವನು ತಲೆ ಹೊರಳಿಸಿ ಒದ್ದಾಡತೊಡಗಿದ. ಡಾಕ್ಟರು ನಿದ್ದೆಯ ಇಂಜೆಕ್ಷನ್ ತರಲು ಹೇಳಿದರು. ಅವನ ಹೆಂಡತಿ ನಿಂಗಮ್ಮ ನನ್ನ ಕೈ ಹಿಡಿದುಕೊಂಡು, "ಸುಮ್ನೆ ಒದ್ದಾಡ್ತಿಲ್ಲ ಕಣವ್ವ, ಏನೋ ಕೇಳ್ತಾವ್ರೆ," ಎಂದಳು.

ನಿಂತು ನೋಡಿದೆ. ಮಷೀನಿನ ಮೇಲೆ ಒತ್ತಡ ತೋರಿಸುವ ಮುಳ್ಳೊಂದಿದೆ. ಗಾಳಿ ತಳ್ಳಿದಾಗ ಏರುತ್ತದೆ, ಬಿಟ್ಟಾಗ ಸೊನ್ನೆಗೆ ಬರುತ್ತದೆ. ಅಂದು ಎರಡು ಏರಿಕೆಗಳ ನಡುವೆ ಅದು ಸೊನ್ನೆಗಿಂತ ಒಂದಿಷ್ಟು ಕೆಳಗೆ ಕುಸಿಯುತ್ತಿತ್ತು. ಅದೇ ಕ್ಷಣಕ್ಕೆ ಅವನ ಕತ್ತಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಟೆಂಪರೇಚರ್ ಚಾರ್ಟಿನ ಹಿಂಬದಿಯಲ್ಲಿ ಮುಳ್ಳು ಹೋದಂತೆ ಗೆರೆ ಎಳೆದೆ. ಒಂದು ಗುಡ್ಡ, ಪಕ್ಕದಲ್ಲಿ ಸಣ್ಣ ಗುಂಡಿ, ಮತ್ತೆ ಗುಡ್ಡ.

"ಸರ್, ಇವನೇ ಉಸಿರು ಎಳೀತಿದ್ದಾನೆ, ಮಷೀನಿಗೆ ಗೊತ್ತಾಗ್ತಿಲ್ಲ. ಇವನು ಬಿಡುವಾಗ ಅದು ತಳ್ತಿದೆ," ಎಂದೆ.

ಡಾಕ್ಟರು ಗೆರೆ ನೋಡಿದರು, ಮುಳ್ಳು ನೋಡಿದರು. ಸಿರಿಂಜನ್ನು ಟ್ರೇಗೆ ಹಾಕಿ, ರೋಗಿಯ ಸಣ್ಣ ಎಳೆತಕ್ಕೂ ಮಷೀನು ಓಗೊಡುವಂತೆ ತಿರುಪು ಹೊರಳಿಸಿದರು. ಮುಳ್ಳು ಚೂರು ಕುಸಿದದ್ದೇ ತಡ, ಗಾಳಿ ಬಂತು. ಮತ್ತೆ ಎಳೆದ, ಮತ್ತೆ ಬಂತು! ನಾಲ್ಕೇ ನಿಮಿಷಕ್ಕೆ ಅವನ ಬಿಗಿದ ಮುಷ್ಟಿ ಬಿಚ್ಚಿಕೊಂಡಿತು. ನಿಂಗಮ್ಮ ಅಳುತ್ತಾ ನಗುತ್ತಿದ್ದಳು, ನಾನೂ ಅಷ್ಟೇ. ಈಗ ಆ ಚಾರ್ಟು ವಾರ್ಡಿನ ಗೋಡೆಯ ಮೇಲಿದೆ. ಉಳಿದ ನರ್ಸುಗಳಿಗೆ ಅದನ್ನು ಓದುವುದು ಕಲಿಸಬೇಕೆಂದು ನನಗೆ ಅಪ್ಪಣೆಯಾಗಿದೆ.

ಪುಟ್ಟ ಪೂವಮ್ಮಳಿಗೆ ನನ್ನ ಮುತ್ತು. ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ.

ನಿಮ್ಮ ನಾದಿನಿ,
ಯಮುನ

ಮತ್ತೊಂದು ಮಾತು: ಕವರು ಅಂಟಿಸಿದವಳು ಮತ್ತೆ ಬಿಡಿಸಿದೆ. ಹೋದ ವರ್ಷ ಜ್ವರ ಎದೆಗಿಳಿದು ಬೆಳ್ಯಪ್ಪಣ್ಣ ಇದೇ ಮಷೀನಿನಲ್ಲಿದ್ದನಲ್ಲ, ಕೊನೆಯ ದಿನ ಮುಳ್ಳು ಹೀಗೆಯೇ ಕುಸಿಯುತ್ತಿತ್ತು. ಕಣ್ಣಾರೆ ನೋಡಿದ್ದೆ, ಏನೆಂದು ತಿಳಿಯಲಿಲ್ಲ. ಅವನ ಕೈಗಳನ್ನು ಮಂಚಕ್ಕೆ ಕಟ್ಟಿ ನಿದ್ದೆಯ ಇಂಜೆಕ್ಷನ್ ಕೊಟ್ಟವಳು ನಾನೇ. ನೆಮ್ಮದಿಯಿಂದ ಹೋದ ಎಂದು ನಿಮಗೆ ಹೇಳಿದ್ದೆ. ತಿಳಿದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ ಅತ್ತಿಗೆ. ಅವನ ಹೆಂಡತಿ ನೀವು, ನಿಮ್ಮಿಂದ ಮುಚ್ಚಿಡಲಾರೆ.