ಎರಡನೇ ಮಹಡಿಯ ತಿರುವು

ಗುರುವಾರ ಬೆಳಿಗ್ಗೆ
ಅಂಗಡಿಯ ಬಾಗಿಲು ತೆಗೆಯುವ ಮುಂಚೆ

ನಮ್ಮ ಮನೆಯವರಿಗೆ,

ಮಣಿಕಟ್ಟಿನ ಗಾಯ ಒಣಗಿತೇ? ಮಾತ್ರೆ ತಪ್ಪಿಸಬೇಡಿ. ಇಷ್ಟನ್ನು ಹೆಂಡತಿಯಾಗಿ ಕೇಳಿದ್ದೇನೆ. ಇನ್ನು ಮುಂದಿನದೆಲ್ಲ ಕೋಪದಲ್ಲಿ ಬರೆದದ್ದು. ನೀವಿರುವ ನಿಮ್ಮ ತಂಗಿಯ ಮನೆಗೆ ಫೋನ್ ಮಾಡಿದರೆ ಅವಳೇ ಎತ್ತಿ, ಅಣ್ಣ ಮಲಗಿದ್ದಾನೆ ಎನ್ನುತ್ತಾಳೆ. ಅವಳ ಕಿವಿಗೆ ಬೀಳುವಂತೆ ಅಳುವುದಕ್ಕಿಂತ ಕಾಗದದ ಮೇಲೆ ಬೈಯುವುದು ವಾಸಿ.

ಪಕ್ಕದ ಊರಿನ ಹೋಟೆಲಿಗೆ ಪರದೆ ಹಾಕುವ ಕೆಲಸವಿದೆ, ಎರಡು ದಿನ ಬರುವುದಿಲ್ಲ ಎಂದು ಹೇಳಿ ಹೋದಿರಿ. ಅಳತೆ ಟೇಪು ಮರೆತಿದ್ದೀರಿ ಎಂದು ಹಿಂದೆಯೇ ಓಡಿಬಂದು ನಿಮ್ಮ ಜೇಬಿಗೆ ಹಾಕಿದ ಪೆದ್ದಿ ನಾನು. ಆ ಟೇಪನ್ನು ಮತ್ತೆ ಕಂಡದ್ದು ಆಸ್ಪತ್ರೆಯಲ್ಲಿ, ನಿಮ್ಮ ದಿಂಬಿನ ಪಕ್ಕದಲ್ಲಿ. "ಅತ್ತಿಗೆ, ಹೆದರ್ಕೋಬೇಡಿ, ಎಲ್ಲಾ ಚೆನ್ನಾಗಿ ಮುಗೀತು" ಎಂದು ನಿಮ್ಮ ತಂಗಿ ಫೋನ್ ಮಾಡಿದಾಗ, ಶುರುವಾದದ್ದೇ ಗೊತ್ತಿಲ್ಲದವಳಿಗೆ ಮುಗಿದದ್ದು ಏನೆಂದು ಹೇಗೆ ತಿಳಿಯಬೇಕು?

ನೀವು ನಿದ್ದೆಯಲ್ಲಿದ್ದಾಗ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೃದಯಕ್ಕೇ ರಕ್ತ ಒಯ್ಯುವ ನಾಳ ಒಳಗೊಳಗೇ ಕಿರಿದಾಗಿತ್ತಂತೆ. ಸುಮ್ಮನೆ ಕೂತಾಗ ಬರುವಷ್ಟು ರಕ್ತ ಸಾಕಾಗುತ್ತದೆ; ಮೆಟ್ಟಿಲು ಹತ್ತಿದರೆ, ಭಾರ ಎತ್ತಿದರೆ ಸಾಲದೆ ಎದೆ ಹಿಂಡುತ್ತದೆ, ನೋವು ಎಡತೋಳಿಗೋ ದವಡೆಗೋ ಹರಿಯುತ್ತದೆ. ನಿಂತರೆ ಇಳಿಯುತ್ತದೆ. ಮಣಿಕಟ್ಟಿನಿಂದ ತೆಳುವಾದ ತಂತಿ ತೂರಿಸಿ, ಪುಟ್ಟ ಬಲೂನು ಉಬ್ಬಿಸಿ ನಾಳವನ್ನು ಅಗಲ ಮಾಡಿ, ಮತ್ತೆ ಮುಚ್ಚಿಕೊಳ್ಳದಂತೆ ಜಾಲರಿಯ ಕೊಳವೆ ಕೂರಿಸಿದರಂತೆ. ಸ್ಟೆಂಟ್ ಎಂದರು. ದಿನವಿಡೀ ಪರದೆಯ ಮಡಿಕೆಯೊಳಗೆ ದಾರ ಪೋಣಿಸುವವಳಿಗೆ ಅದೆಲ್ಲ ಸುಲಭವಾಗಿ ತಿಳಿಯಿತು. 'ನಿಂತರೆ ಇಳಿಯುತ್ತದೆ' ಎಂಬ ಮಾತು ತಲೆಗೆ ಹೋದ ಮೇಲೆ ಮಾತ್ರ ಅದನ್ನೇ ಇನ್ನೊಮ್ಮೆ ಹೇಳಿ ಎಂದು ಅವರನ್ನು ಕೇಳಿದೆ.

ಒಂದು ವರ್ಷದಿಂದ ನೀವು ನಿಲ್ಲುತ್ತಿದ್ದಿರಿ.

ಮದುವೆಯಾದಾಗಿನಿಂದ ನನ್ನನ್ನು ಹಿಂದೆ ಬಿಟ್ಟು ದಾಪುಗಾಲು ಹಾಕಿದವರು ನೀವು. ಅಂಥವರು ಅಂಗಡಿ ಮುಚ್ಚಿ ಮೂರನೇ ಮಹಡಿಯ ಮನೆಗೆ ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ, ಆ ಕಿಟಕಿಯ ಹತ್ತಿರ ನಿಂತು, "ಏನವಸರ, ನಿಲ್ಲೇ ಸ್ವಲ್ಪ. ಇವತ್ತು ಏನಾಯ್ತು ಹೇಳು" ಎನ್ನತೊಡಗಿದಿರಿ. ನಾನು ಹೇಳುತ್ತಿದ್ದೆ. ಗಿರಾಕಿಗಳ ಕಿರಿಕಿರಿ, ಸತ್ತ ಅಮ್ಮನ ನೆನಪು, ಯಾರ ಹತ್ತಿರವೂ ಆಡದ ಮಾತು, ಎಲ್ಲ. ನೀವು ಎದೆಯ ಮೇಲೆ ಕೈಯಿಟ್ಟು ತುಟಿಪಿಟಕ್ಕೆನ್ನದೆ ಕೇಳುತ್ತಿದ್ದಿರಿ. ಎಷ್ಟು ಮನಸ್ಸಿಟ್ಟು ಕೇಳುತ್ತಾರಪ್ಪ ಎಂದುಕೊಂಡೆ. ಬಾಯಿಗೆ ಹಾಕಿಕೊಳ್ಳುತ್ತಿದ್ದುದು ಪೆಪ್ಪರ್‌ಮಿಂಟ್ ಎಂದಿರಿ. ನನಗೂ ಒಂದು ಕೊಡಿ ಎಂದರೆ, ನಿನಗೆ ಶುಗರ್ ಇದೆ, ಬೇಡ ಎಂದಿರಿ. ಎದೆನೋವು ಬಂದಾಗ ನಾಲಿಗೆಯ ಕೆಳಗಿಡುವ ಮಾತ್ರೆಯಂತೆ ಅದು. ಅದರ ಜೊತೆಗೆ ನನ್ನ ಆರೋಗ್ಯದ ಕಾಳಜಿ ಬೇರೆ!

ಏಣಿಯ ಕಥೆಯೂ ಅಷ್ಟೇ. ಹೆಂಗಸರು ಏಣಿ ಹತ್ತಬಾರದು ಎಂದು ಹಟ ಹಿಡಿದಿದ್ದವರು ಇದ್ದಕ್ಕಿದ್ದಂತೆ, "ನಿನ್ನ ಕಣ್ಣಳತೆ ನನಗೆಲ್ಲಿ ಬರ್ಬೇಕು, ರಾಡು ನೀನೇ ಕೂರಿಸು" ಎಂದಿರಿ. ಅಷ್ಟು ಎತ್ತರದಿಂದ ನಿಮ್ಮ ಬೋಳುತಲೆ ನೋಡುತ್ತ ಎಷ್ಟು ಹಿಗ್ಗಿದ್ದೆ ಗೊತ್ತೇ? ಕೆಲಸಕ್ಕೆ ಬೆಲೆ ಸಿಕ್ಕಿತು ಎಂದುಕೊಂಡೆ. ನೀವು ಬೆಣ್ಣೆ ಹಚ್ಚಿ ಕಿವಿಯ ಮೇಲೆ ಹೂವಿಟ್ಟಿದ್ದಿರಿ.

ಹೇಳಿದರೆ ಅವಳು ಗಾಬರಿಯಾಗುತ್ತಾಳೆ ಎಂದಿರಂತೆ ತಂಗಿಗೆ. ಏಣಿಯ ತುದಿಯಲ್ಲಿ ನಿಂತು ಗೋಡೆ ಕೊರೆಯುವವಳಿಗೆ ಗಾಬರಿಯೇ? ಕೆಳಗೆ ಏಣಿ ಹಿಡಿದವರಿಗೆ ಯಾವಾಗ ಬೇಕಾದರೂ ಎದೆನೋವು ಬರಬಹುದು ಎಂದಾದರೂ ಅವಳಿಗೆ ತಿಳಿಯಬೇಕಿತ್ತು. ನಿಮಗೆ ಸ್ಟೆಂಟ್ ಹಾಕಿದ ಆ ಕೋಣೆಯ ಹೊರಗೆ ಕೂತು ಜೀವ ಕೈಯಲ್ಲಿ ಹಿಡಿದು ಕಾಯುವ ಹಕ್ಕು ನನ್ನದಾಗಿತ್ತು. ಅದನ್ನು ತಂಗಿಗೆ ಕೊಟ್ಟುಬಿಟ್ಟಿರಿ. ನೋವು ಬಚ್ಚಿಟ್ಟದ್ದನ್ನು ಇಂದಲ್ಲ ನಾಳೆ ಮರೆತೇನು. ನಮ್ಮ ಸಂಸಾರದಲ್ಲೇ ಒಳ್ಳೆಯದೆಂದು ನಾನು ನಂಬಿದ ವರ್ಷವನ್ನು ಸುಳ್ಳು ಮಾಡಿದಿರಲ್ಲ, ಅದು ಗಂಟಲಲ್ಲಿ ಇಳಿಯುತ್ತಿಲ್ಲ.

ಭಾನುವಾರ ಸಂಜೆ ಬರುತ್ತೀರಂತೆ. ಬನ್ನಿ, ಮನೆ ನಿಮ್ಮದೂ ಹೌದು. ಏಣಿಯ ಕೆಲಸ ಇನ್ನು ನಾನೇ ನೋಡಿಕೊಳ್ಳುತ್ತೇನೆ. ಅದಕ್ಕೆ ನಿಮ್ಮ ಹೊಗಳಿಕೆಯ ಅಗತ್ಯವಿಲ್ಲ.

ಇಂತಿ,
ನಿಮ್ಮ ಮಾತು ನಂಬಿ ಏಣಿ ಹತ್ತಿದವಳು

ಮರೆತಿದ್ದೆ: ಸ್ವಲ್ಪ ದಿನ ಸುಧಾರಿಸಿಕೊಂಡರೆ ಇನ್ನು ಎಲ್ಲೂ ನಿಲ್ಲದೆ ಮನೆಯವರೆಗೂ ಹತ್ತಬಹುದು ಎಂದು ಡಾಕ್ಟರಮ್ಮ ಹೇಳಿದಾಗ ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡು ಪಾಪ, ಅವರು ಬೆನ್ನು ಸವರಿದರು. ಭಾನುವಾರ ನಾನು ಬಾಗಿಲಲ್ಲಿ ಕಾಯುವುದಿಲ್ಲ. ತಿರುವಿನ ಕಿಟಕಿಯ ಹತ್ತಿರ ಇರುತ್ತೇನೆ. ಸುಧಾರಿಸಿಕೊಳ್ಳುವವರೆಗೆ ಎಲ್ಲಿ ಬೇಕಾದರೂ ನಿಲ್ಲಿ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆಯೂ ದಿನಾ ಅಲ್ಲೇ ಇರುತ್ತೇನೆ. ಎದೆ ನೋಯದ ದಿನವೂ ನೀವು ಅಲ್ಲಿ ನಿಲ್ಲುತ್ತೀರೋ ಇಲ್ಲವೋ, ನೋಡಬೇಕು.