ಏಳರಿಂದ ಗುಣಿಸಿದಾಗ

ಬಂಟ್ವಾಳ, ೧೯೬೨

ಅಣ್ಣಾ,

ಬೊಂಬಾಯಿಯಲ್ಲಿ ನೀನು ಎಲ್ಲಿದ್ದೀ ಎಂದು ಯಾರಿಗೂ ಗೊತ್ತಿಲ್ಲ, ಆದರೂ ಬರೆಯುತ್ತೇನೆ. ನೀನು ನನಗೆ ಕಲಿಸಿದ ೧೪೨೮೫೭ ಎಂಬ ಸಂಖ್ಯೆಯನ್ನು ಇಂದು ನಿನ್ನ ಮಗಳು ನೀಲಾವತಿಗೆ ಹೇಳಿಕೊಟ್ಟೆ. ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕೆಗಳು, ಒಂದೇ ಮನೆಯವರ ಹಾಗೆ, ಜಾಗ ಬದಲಿಸಿ ಬಂದವು. ನೀನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅವಳು ಏಳರಿಂದಲೂ ಗುಣಿಸಿದಳು. ಸ್ಲೇಟಿನ ತುಂಬ ಬರೀ ಒಂಬತ್ತು, ೯೯೯೯೯೯.

"ಅಯ್ಯೋ ಅತ್ತೆ, ಮನೆಯವರೆಲ್ಲ ಎಲ್ಲಿಗೆ ಹೋದ್ರು?" ಎಂದು ನಕ್ಕಳು.

ಬೀಡಿ ಕಟ್ಟುತ್ತಿದ್ದ ಅತ್ತಿಗೆ ನಗಲಿಲ್ಲ. "ಐದನೇ ಕ್ಲಾಸು ಮುಗೀತಲ್ಲ, ಇನ್ನು ಬೀಡಿಗೆ ಕೂರಲಿ" ಎಂದರು. ನನ್ನನ್ನು ಬಿಡಿಸಿದ್ದೂ ಐದಕ್ಕೇ, ನಿನಗೆ ನೆನಪಿರಬಹುದು.

"ಬೇಡ ಅತ್ತಿಗೆ, ಅವಳ ಪಾಲಿನದ್ದನ್ನು ನಾನು ಕಟ್ಟುತ್ತೇನೆ" ಎಂದೆ.

ಸೋಮವಾರ ಅವಳನ್ನು ಆರನೆಯದಕ್ಕೆ ಸೇರಿಸಲು ನಾನೇ ಹೋಗುತ್ತೇನೆ. ತಂದೆ ಎಲ್ಲಿದ್ದಾರೆಂದು ಮಾಸ್ಟ್ರು ಕೇಳಿದರೆ ಏನು ಹೇಳಲಿ?

ನಿನ್ನ ತಂಗಿ
ಅಮ್ಮಣಿ