ಒಂಬತ್ತನೆಯ ಪ್ರಶ್ನೆ

ಹದಿನೇಳನೇ ತಾರೀಖು, ಮಂಗಳವಾರ
ಮಧ್ಯಾಹ್ನ, ಮಕ್ಕಳು ಮಲಗಿರುವ ಹೊತ್ತು

ನನ್ನ ಓರಗಿತ್ತಿಗೆ, ಅಂದರೆ ತಂಗಿಗೆ,

ತಂಗಿ ಎಂದು ಬರೆಯುವ ಮುಂಚೆ ಪೆನ್ನು ಸ್ವಲ್ಪ ಹಿಂದೆ ಮುಂದೆ ನೋಡಿತು. ನೋಡಲಿ ಬಿಡು. ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುತ್ತೇನೆ ಎಂದಾಗ ನಿನ್ನ ಭಾವ ನಕ್ಕರು. ಅವರಿಗೇನು ಗೊತ್ತು? ಎದುರಿಗೆ ನಿಂತರೆ ನಾನು ಮತ್ತೆ ಸುಳ್ಳು ಹೇಳುತ್ತೇನೆ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ.

ಶನಿವಾರ ಚೀಲದಮ್ಮ ಬಂದಿದ್ದರು. ಸಂಸ್ಥೆಯಿಂದ ತಿಂಗಳಿಗೊಮ್ಮೆ ಆಟದ ಸಾಮಾನಿನ ಚೀಲ ಹೊತ್ತು, ಮನೆಯಲ್ಲೇ ಊರ ಮಕ್ಕಳನ್ನು ನೋಡಿಕೊಳ್ಳುವ ನಮ್ಮಂಥವರ ಬಾಗಿಲಿಗೆ ಬರುವ ಆ ಮಹಾತಾಯಿಗೆ ಹೆಸರಿಟ್ಟವಳು ನೀನು. ಈಗ ಅವರೇ ಫೋನಿನಲ್ಲಿ ‘ನಾನು ಚೀಲದಮ್ಮ ಮಾತಾಡ್ತಿರೋದು’ ಎನ್ನುತ್ತಾರೆ. ನಾನೂ ಒಂದು ಹೆಸರಿಟ್ಟಿದ್ದೆ, ಹಿಡಿಯಲಿಲ್ಲ. ನೀನಿಟ್ಟದ್ದೇ ಹಿಡಿಯಿತು. ನನಗೆ ಇಂಥದ್ದೆಲ್ಲ ನೆನಪಿರುತ್ತದೆ ನೋಡು.

ಅವರು ಈ ಸಲ ಚೀಲ ಬಿಚ್ಚಲಿಲ್ಲ. ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. ಗುರುವಾರ ಸಂಸ್ಥೆಯ ಸಭೆ, ಅದರಲ್ಲಿ ನಿನ್ನ ಮನೆಯ ವಿಷಯ ಬರುತ್ತದಂತೆ. ನನ್ನ ಹತ್ತಿರವಿದ್ದ ಆ ಪುಟ್ಟ ಗೊಣಗಮ್ಮ ಅಲ್ಲಿಗೆ ಹೋದಾಗಿನಿಂದ ಒಂದು ಮಧ್ಯಾಹ್ನವೂ ಮಲಗಿಲ್ಲವಂತೆ. ಅತ್ತೂ ಅತ್ತೂ ಹಾಸಿಗೆಯಿಂದ ಜಾರಿ ಪಕ್ಕದ ಮಗುವನ್ನು ಒದ್ದು ಅದರ ತುಟಿ ಒಡೆಯಿತಂತೆ. ಅದರ ಅಪ್ಪ ದೂರು ಕೊಟ್ಟಿದ್ದಾನೆ, ಮಕ್ಕಳನ್ನು ಮಲಗಿಸಲು ಬಾರದವಳ ಹತ್ತಿರ ಹಸುಗೂಸುಗಳನ್ನು ಯಾಕೆ ಬಿಟ್ಟಿದ್ದೀರಿ ಎಂದು. ಕೆಲಸಕ್ಕೆ ಹೋಗುವ ತಾಯಂದಿರಿಗೆ ಸಂಸ್ಥೆ ಕೊಡುವ ಪಟ್ಟಿಯಲ್ಲಿ ನಿನ್ನ ಹೆಸರು ಉಳಿಯಬೇಕೇ ಬೇಡವೇ ಎಂದು ಗುರುವಾರ ತೀರ್ಮಾನ. ‘ನೀವು ಹಿರಿಯರು, ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೀರಿ. ಒಂದು ಅಭಿಪ್ರಾಯ ಬರ್ಕೊಡಿ’ ಎಂದರು.

ಪಟ್ಟಿಯಿಂದ ಹೆಸರು ಹೋದರೆ ನಿನ್ನ ಬಾಗಿಲಿಗೆ ಹೊಸ ಮಕ್ಕಳು ಬರುವುದಿಲ್ಲ. ವರ್ಷ ತುಂಬುವಷ್ಟರಲ್ಲಿ ಆ ಪುಟ್ಟ ಹಾಸಿಗೆಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಬೇಕಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಖುಷಿಯಾಯಿತು. ಬಿಳಿ ಹಾಳೆಯನ್ನು ಮಡಿಚಿ ಸೆರಗಿನೊಳಗೆ ಇಟ್ಟುಕೊಂಡೆ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇಷ್ಟು ದಿನ ಅದಕ್ಕೆ ಬೇರೆ ಬೇರೆ ಹೆಸರಿಟ್ಟು ಸಾಕಿದ್ದೆ. ಬೇಜಾರು ಎನ್ನುತ್ತಿದ್ದೆ, ಸುಸ್ತು ಎನ್ನುತ್ತಿದ್ದೆ, ಒಮ್ಮೊಮ್ಮೆ ಎದೆಯುರಿ ಎಂದು ಮಾತ್ರೆಯನ್ನೂ ನುಂಗಿದ್ದುಂಟು. ನೀನು ಸೊಸೆಯಾಗಿ ಬಂದ ವಾರಕ್ಕೇ ಅತ್ತೆ ‘ಚಿಕ್ಕವಳ ಕೈ ಹಗುರ’ ಎಂದರಲ್ಲ, ಅಷ್ಟು ವರ್ಷ ನನ್ನ ಕೈ ಅವರಿಗೆ ಭಾರವಾಗಿತ್ತು ಎಂದು ಅವತ್ತೇ ನನಗೆ ಗೊತ್ತಾಗಿದ್ದು. ನೀನು ನನ್ನ ಮನೆಯಲ್ಲಿ ಎರಡು ವರ್ಷ ಮಕ್ಕಳ ಮೂಗು ಒರೆಸಿ ಕೆಲಸ ಕಲಿತೆ. ಸಂಸ್ಥೆಯ ತರಬೇತಿಗೆ ಕೈಹಿಡಿದು ಕರೆದುಕೊಂಡು ಹೋದವಳೂ ನಾನೇ. ಅಲ್ಲಿ ಮಕ್ಕಳ ಕುರ್ಚಿಯ ಮೇಲೆ, ಮಂಡಿ ಗಲ್ಲಕ್ಕೆ ತಾಗುವ ಹಾಗೆ ನಾನು ಹಿಂದೆ ಕೂತೆ. ನೀನು ಮುಂದೆ ನೆಲದ ಮೇಲೇ ಚಕ್ಕಂಬಕ್ಕಳ ಹಾಕಿ ಕೂತೆ. ಕಲಿಸುವವರು ಮೂರು ದಿನವೂ ನಿನ್ನ ಕಡೆಗೇ ನೋಡಿ ಮಾತಾಡಿದರು. ಅಷ್ಟು ವರ್ಷದ ನನ್ನ ಅನುಭವ ಆ ಕುರ್ಚಿಯ ಮೇಲೆ ಕಾಲು ಜೋಮು ಹಿಡಿಸಿಕೊಂಡು ಕೂತಿತ್ತು.

ಆಮೇಲೆ ನೀನು ನಿನ್ನದೇ ಮನೆ ಶುರುಮಾಡಿದೆ. ನಾನೇ ಹರಸಿದೆ, ಹರಸಿದ ಮೇಲೆ ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ಹೋದ ವರ್ಷ ಚೀಲದಮ್ಮ ನಮ್ಮ ಎಂಟು ಜನರನ್ನು ನಿನ್ನ ಮನೆ ನೋಡಿ ಕಲಿಯಿರಿ ಎಂದು ಕರೆತಂದರಲ್ಲ, ಅವತ್ತಿನದು ಇನ್ನೂ ಆರಿಲ್ಲ. ಕೈ ತೊಳೆಯುವ ಜಾಗದ ಮುಂದೆ, ಮಕ್ಕಳು ತಳ್ಳಾಡದೆ ಸಾಲಾಗಿ ನಿಲ್ಲಲಿ ಎಂದು ನೀನು ನೆಲದ ಮೇಲೆ ಬಣ್ಣದ ಹೆಜ್ಜೆ ಬರೆದಿದ್ದೆ. ‘ಎಷ್ಟು ಚೆನ್ನಾಗಿದೆ ನೋಡಿ’ ಎಂದರು ಅವರು. ಉಳಿದವರೆಲ್ಲ ಫೋಟೋ ತೆಗೆದುಕೊಂಡರು. ಆ ಉಪಾಯ ನನ್ನದು. ಇದು ನಮ್ಮ ಅಕ್ಕ ಕಲಿಸಿದ್ದು ಎಂದು ನೀನು ಹೇಳುತ್ತೀಯೆಂದು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದೆ. ನೀನು ಸುಮ್ಮನೆ ನಕ್ಕೆ. ಮರೆತಿದ್ದೆಯೋ, ಬೇಕೆಂದೇ ಬಿಟ್ಟೆಯೋ, ಇವತ್ತಿಗೂ ಗೊತ್ತಿಲ್ಲ. ನಾನಂತೂ ಮರೆಯಲಿಲ್ಲ.

ತಡಿ, ಒಬ್ಬ ಎದ್ದ. ಬಚ್ಚಲಿಗೆ ಕರೆದುಕೊಂಡು ಹೋಗಿ ಮಲಗಿಸಿ ಬರುತ್ತೇನೆ.

ಬಂದೆ. ಈಗ ಗೊಣಗಮ್ಮನ ವಿಷಯ. ಅವಳು ನಾಲ್ಕು ತಿಂಗಳ ಕೂಸಾಗಿ ನನ್ನ ಹತ್ತಿರ ಬಂದಾಗ ನೀನು ಆಗಲೇ ಬೇರೆ ಮನೆ ಮಾಡಿದ್ದೆ. ಎರಡು ವರ್ಷ ನನ್ನ ತೊಡೆಯ ಮೇಲೆ ಬೆಳೆದಳು. ಚಮಚದ ಮೇಲೆ ಗೊಣಗುವಳು, ಚಪ್ಪಲಿಯ ಮೇಲೆ ಗೊಣಗುವಳು, ಗೋಡೆಯ ಗಡಿಯಾರ ಹೊಡೆದರೆ ಅದಕ್ಕೂ ಎದುರುತ್ತರ ಕೊಡುವಳು. ಬಸ್ಸು ಓಡಿಸುವ ಅವಳಮ್ಮನಿಗೆ ಬೆಳಗಿನ ಪಾಳಿ ಬಿತ್ತು. ನೀನು ಬೆಳಿಗ್ಗೆ ಐದೂವರೆಗೇ ಬಾಗಿಲು ತೆಗೆಯುತ್ತೀಯೆಂದು ಯಾರೋ ಹೇಳಿದರು. ಅವಳು ಬಂದು ‘ಅಕ್ಕಾ, ಬೇಜಾರ್ ಮಾಡ್ಕೋಬೇಡಿ’ ಎಂದಳು. ನಾನೇಕೆ ಬೇಜಾರು ಮಾಡಿಕೊಳ್ಳಲಿ ಎಂದೆ. ಕೇಳಿದ್ದರೆ ನಾನು ಐದಕ್ಕೇ ತೆಗೆಯುತ್ತಿದ್ದೆ. ಅವಳು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಊರಲ್ಲಿ ಇಷ್ಟೊಂದು ಮನೆಗಳಿದ್ದೂ ನನ್ನ ಮಗು ನಿನ್ನ ಮನೆಗೇ ಹೋಯಿತು.

ನನ್ನ ಮಗು ಎಂದು ಬರೆದುಬಿಟ್ಟೆ. ಇರಲಿ, ಹೊಡೆದು ಹಾಕುವುದಿಲ್ಲ.

ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಸಂಸ್ಥೆಯ ಹಳದಿ ಹಾಳೆ ತುಂಬಿ ಕೊಡಬೇಕಲ್ಲ, ಅದರ ರೂಢಿಗಳ ಪಟ್ಟಿ. ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಜ್ವರ ಬಂದರೆ ಹೇಗಿರುತ್ತದೆ. ನಾನು ಮನಸಿಟ್ಟು ಬರೆದೆ. ಟೊಮೇಟೊ ಕಂಡರೆ ತುಟಿ ಬಿಗಿಯುತ್ತಾಳೆ ಎಂದು ಬರೆದೆ. ಎಡಗಿವಿ ಮುಟ್ಟಿಕೊಂಡರೆ ನೆಗಡಿ ಬರುತ್ತದೆ ಎಂದು ಬರೆದೆ. ಒಂಬತ್ತನೆಯ ಪ್ರಶ್ನೆ, ಮಗುವನ್ನು ಮಲಗಿಸುವ ಬಗೆ. ಅದಕ್ಕೆ ಬರೆದ ಉತ್ತರ ನಿನಗೆ ಬಾಯಿಪಾಠವಾಗಿರಬೇಕು: ‘ಹನ್ನೆರಡೂವರೆಗೆ. ತಾನಾಗಿಯೇ ಮಲಗುತ್ತಾಳೆ.’

ಅವಸರದಲ್ಲಿ ಒಂದು ಸಂಗತಿ ಬಿಟ್ಟುಹೋಯಿತು ಎಂದು ಈ ಕಾಗದದಲ್ಲಿ ಬರೆಯಬೇಕೆಂದಿದ್ದೆ. ಅವಸರವೇನೂ ಇರಲಿಲ್ಲ. ಮೊದಲು ಪೂರ್ತಿ ಉತ್ತರವನ್ನೇ ಬರೆದಿದ್ದೆ. ಬರೆದು ಓದಿ ನೋಡಿದೆ. ಎರಡು ವರ್ಷ ನಾನು ಕಣ್ಣಲ್ಲಿ ಕಣ್ಣಿಟ್ಟು ಕಂಡುಕೊಂಡದ್ದು ಎರಡೇ ಸಾಲಿನಲ್ಲಿ ಇತ್ತು, ಅದನ್ನು ನೀನು ಎರಡು ನಿಮಿಷದಲ್ಲಿ ಕಲಿತುಬಿಡುತ್ತೀಯ. ಹೆಜ್ಜೆಗಳ ಹಾಗೆ ಅದೂ ನಿನ್ನದಾಗುತ್ತದೆ ಅನ್ನಿಸಿತು. ಹಾಳೆಯ ಮೇಲೆ ನೀರು ಚೆಲ್ಲಿತು ಎಂದು ಚೀಲದಮ್ಮನಿಗೆ ಹೇಳಿ ಇನ್ನೊಂದು ತರಿಸಿಕೊಂಡೆ. ನೀರು ಚೆಲ್ಲಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇದೆ. ಮೂರನೇ ದಿನ ನೀನು ಫೋನು ಮಾಡಿದೆ. ‘ಅಕ್ಕಾ, ನಿಮ್ಮ ಹತ್ರ ಹೇಗೆ ಮಲಗ್ತಿದ್ಲು? ಏನಾದ್ರೂ ಬಿಟ್ಟೋಗಿದ್ಯಾ ನೋಡಿ’ ಎಂದೆ. ಹಿಂದೆ ಅವಳ ಅಳು ಕೇಳಿಸುತ್ತಿತ್ತು. ‘ನನ್ನ ಹತ್ರ ಹೀಗೆಲ್ಲ ಮಾಡ್ತಾನೇ ಇರ್ಲಿಲ್ಲಮ್ಮ’ ಎಂದು ಹೇಳಿ, ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ಆ ಅಳು ನನ್ನನ್ನೇ ಕರೆಯುತ್ತಿದೆ ಎಂದುಕೊಂಡೆ. ನಿಜ ಹೇಳುತ್ತೇನೆ, ಅವತ್ತು ಚೆನ್ನಾಗಿ ಉಂಡೆ.

ಶನಿವಾರ ಚೀಲದಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ದೂರಿಗೆ ಸಂಸ್ಥೆ ಕೇಳಿದ ಉತ್ತರದಲ್ಲಿ, ಮಗು ಮಲಗದಿರಲು ಕಾರಣವೇನು ಎಂಬಲ್ಲಿ ನೀನು ಬರೆದಿದ್ದೀಯಂತೆ, ‘ಅಕ್ಕನ ಕೈಗೆ ಒಗ್ಗಿಕೊಂಡ ಮಗು, ನನ್ನ ಕೈಗೆ ಇನ್ನೂ ಒಗ್ಗಬೇಕು’ ಎಂದು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿಹೋಗುತ್ತಿದ್ದರು. ನನಗೆ ಇನ್ನಷ್ಟು ಉರಿಯಿತು. ಒಳ್ಳೆಯತನದಲ್ಲೂ ನೀನೇ ಮುಂದೆ ಕೂರಬೇಕೇ?

ಭಾನುವಾರ ಅವಳಮ್ಮ ಗೊಣಗಮ್ಮನನ್ನು ಕರೆದುಕೊಂಡು ಬಂದಳು. ವಾಪಸ್ ನನ್ನ ಹತ್ತಿರವೇ ಬಿಡಬಹುದೇ, ಪಾಳಿಗೆ ಏನಾದರೂ ಮಾಡಿಕೊಳ್ಳುತ್ತೇನೆ ಎಂದು ಕೇಳಿದಳು. ಹತ್ತೊಂಬತ್ತು ದಿನ ನಾನು ಕಾದಿದ್ದ ಮಾತು ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮಹಾರಾಯಿತಿ ಗೊಣಗುತ್ತಾ ಒಳಗೆ ಹೋಗಿ, ಬೀರುವಿನ ಪಕ್ಕ ತಾನೇ ಮಲಗಿ, ಎರಡೂ ಅಂಗಾಲುಗಳನ್ನು ಬೀರುವಿನ ಬಾಗಿಲಿಗೆ ಒತ್ತಿಕೊಂಡಳು. ಗೊಣಗಾಟ ಸಣ್ಣದಾಗುತ್ತಾ ಬಂತು, ನಿಂತಿತು, ನಿದ್ದೆ. ಅವಳಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ‘ಪಾಪ, ಅವರು ಮಧ್ಯಾಹ್ನ ಪೂರ್ತಿ ಎತ್ಕೊಂಡೇ ಓಡಾಡ್ತಾರಂತೆ, ಊಟಾನೂ ಮಾಡಲ್ವಂತೆ’ ಎಂದಳು, ನಿನ್ನ ವಿಷಯ.

ನಾನು ಹೊದಿಕೆ ಹೊದಿಸಲು ಬಗ್ಗಿದೆ. ಅವಳ ಹಿಮ್ಮಡಿಗಳು ಕೆಂಪಗೆ ಕಿತ್ತುಹೋಗಿದ್ದವು. ಹೊಸ ಚಪ್ಪಲಿ ಕಚ್ಚಿರಬೇಕು ಎಂದಳು ತಾಯಿ. ಚಪ್ಪಲಿಯಲ್ಲ. ನಿನ್ನ ಮನೆಯಲ್ಲಿ ಹಾಸಿಗೆಗಳನ್ನು ತರಬೇತಿಯಲ್ಲಿ ಹೇಳಿದಂತೆ ಸುತ್ತ ಜಾಗ ಬಿಟ್ಟು ಕೋಣೆಯ ನಡುವೆ ಹಾಸುತ್ತೀಯ. ಮಗು ದಿನಾ ಮಧ್ಯಾಹ್ನ ಕಾಲು ಚಾಚಿ, ಹಿಮ್ಮಡಿ ಉಜ್ಜಿಕೊಂಡು ಕೆಳಕೆಳಗೆ ಜಾರಿ, ಗೋಡೆ ಎಲ್ಲಿದೆ ಎಂದು ಹುಡುಕಿದೆ. ಗೋಡೆ ಸಿಗಲಿಲ್ಲ, ಪಕ್ಕದ ಮಗುವಿನ ಮುಖ ಸಿಕ್ಕಿತು. ಅವಳು ಯಾರನ್ನೂ ಒದೆಯಲಿಲ್ಲ ತಂಗಿ. ಅವಳು ಅಳುತ್ತಿದ್ದದ್ದು ನನಗಾಗಿಯೂ ಅಲ್ಲ. ಇದು ಹೊಳೆದಾಗ ನನಗೆ ಎಲ್ಲಿ ಹೆಚ್ಚು ನೋವಾಯಿತು ಎಂದು ಕೇಳಬೇಡ.

ಅವಳಮ್ಮನ ಎದುರು ಸತ್ಯ ಹೇಳಲು ಧೈರ್ಯ ಬರಲಿಲ್ಲ. ಸೋಮವಾರವೂ ಸುಮ್ಮನೇ ಇದ್ದೆ. ಅಂದರೆ ಇನ್ನೂ ಒಂದು ಮಧ್ಯಾಹ್ನ ಆ ಕಾಲುಗಳನ್ನು ಉಜ್ಜಲು ಬಿಟ್ಟೆ. ಇವತ್ತಿನದೂ ಸೇರಿದರೆ ಎರಡು.

ಒಂಬತ್ತನೆಯ ಪ್ರಶ್ನೆಗೆ ಉತ್ತರ ಬರೆಯುತ್ತೇನೆ, ಸರಿಯಾಗಿ ಓದಿಕೋ. ಅವಳಿಗೆ ಅಂಗಾಲು ಗಟ್ಟಿಯಾದ ಯಾವುದಕ್ಕಾದರೂ ಒತ್ತಿಕೊಂಡಿರಬೇಕು. ಗೋಡೆಯಾದರೂ ಸರಿ, ಬೀರುವಾದರೂ ಸರಿ, ನಿನ್ನ ತೊಡೆಯಾದರೂ ಸರಿ. ಮನೆಯಲ್ಲಿ ಅಮ್ಮನ ಹೊಟ್ಟೆಗೆ ಕಾಲು ಕೊಟ್ಟು ಮಲಗುತ್ತಾಳೆ, ಅವಳು ಅದನ್ನು ತುಂಟತನ ಎಂದುಕೊಂಡಿದ್ದಾಳೆ. ದಿಂಬು ಇಟ್ಟರೆ ಆಗುವುದಿಲ್ಲ, ಮೆತ್ತಗಿರುವುದನ್ನು ತಳ್ಳಿಬಿಡುತ್ತಾಳೆ. ಮಂಡಿ ಸ್ವಲ್ಪ ಮಡಚಿರಬೇಕು. ತಟ್ಟಬೇಡ, ಹಾಡಬೇಡ. ಗೊಣಗಲು ಬಿಡು, ಅದೇ ಅವಳ ಜೋಗುಳ. ನಾಲ್ಕು ನಿಮಿಷ ಸಾಕು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚು.

ಚೀಲದಮ್ಮನ ಬಿಳಿ ಹಾಳೆಯ ಮೇಲೆ ನಾನು ಬೇರೆ ಅಭಿಪ್ರಾಯ ಬರೆಯುವುದಿಲ್ಲ. ಈ ಕಾಗದವನ್ನು ನೀನು ಸಭೆಯಲ್ಲಿ ತೋರಿಸುವುದಿಲ್ಲ ಎಂದು ಗೊತ್ತು. ಅಕ್ಕನ ಮರ್ಯಾದೆ ಎಂದು ಮಡಿಚಿ ಇಟ್ಟುಕೊಳ್ಳುತ್ತೀಯ, ಮತ್ತೆ ದೊಡ್ಡವಳಾಗಿಬಿಡುತ್ತೀಯ. ಆ ಅವಕಾಶ ನಿನಗೆ ಕೊಡುವುದಿಲ್ಲ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಇದನ್ನು ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಸಂಸ್ಥೆಯ ಮೇಜಿನ ಮೇಲೆ ನಾನೇ ಇಟ್ಟು ಬರುತ್ತೇನೆ. ಅವರು ಪಟ್ಟಿಯಿಂದ ಒಂದು ಹೆಸರು ತೆಗೆಯಲೇಬೇಕಾದರೆ ಯಾರದ್ದು ತೆಗೆಯಬೇಕೆಂದು ಅವರಿಗೆ ತಿಳಿದಿರಲಿ.

ಕ್ಷಮಿಸು ಎಂದು ಬರೆಯಬೇಕು, ಬರೆದಿದ್ದೇನೆ. ಹೊಟ್ಟೆಕಿಚ್ಚು ಹೋಯಿತು ಎಂದು ಮಾತ್ರ ಬರೆಯಲಾರೆ, ಅದು ಇನ್ನೊಂದು ಸುಳ್ಳಾಗುತ್ತದೆ. ನಾಳೆ ಅವಳು ನಿನ್ನ ಮನೆಯ ಗೋಡೆಗೆ ಕಾಲು ಕೊಟ್ಟು ಮಲಗಿದರೆ ಕೂಡಲೇ ಫೋನು ಮಾಡಿ ಹೇಳಬೇಡ. ಎರಡು ದಿನ ಬಿಟ್ಟು ಹೇಳು. ಅಷ್ಟರಲ್ಲಿ ಸಂತೋಷಪಡುವುದನ್ನು ಸ್ವಲ್ಪ ಅಭ್ಯಾಸ ಮಾಡಿಕೊಳ್ಳುತ್ತೇನೆ.

ನೀನು ಇನ್ನೂ ಹಾಗೆ ಕರೆಯುವುದಾದರೆ,
ನಿನ್ನ ಅಕ್ಕ

ತಾ.ಕ.: ಜೆರಾಕ್ಸ್ ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಇದು ಸಂಸ್ಥೆಯ ಪ್ರತಿಯಲ್ಲಿಲ್ಲ. ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅವಳಮ್ಮ ಕೇಳಿದಾಗ ನಾನು ಏನು ಹೇಳಿದೆ ಎಂದು ಮೇಲೆ ಎಲ್ಲೂ ಬರೆದಿಲ್ಲ. ಒಬ್ಬಳ ಹತ್ತಿರ ಆರೇ ಮಕ್ಕಳಿರಬೇಕು ಎಂಬುದು ಸಂಸ್ಥೆಯ ನಿಯಮ, ನನ್ನಲ್ಲಿ ಆರೂ ತುಂಬಿದ್ದಾರೆ, ತಂಗಿಯ ಹತ್ತಿರವೇ ಬಿಡಮ್ಮ, ಅವಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದೆ. ನನ್ನ ಹತ್ತಿರ ಇರುವುದು ಐದೇ ಮಕ್ಕಳು.